ಸೈನೈಡ್ ದಿಬ್ಬಗಳ ಲೆಕ್ಕ ಯಾರು ಕೊಡಬೇಕು?

ಬಂಗಾರಪೇಟೆಯಿಂದ ಮಾರಿಕುಪ್ಪಂ ಕಡೆಗೆ ಹೊರಡುವ ರೈಲು ಮೊದಲು ನಿಲ್ಲುವ ಊರಿನ ಹೆಸರು ಕೋರಮಂಡಲ್. ಕಡಲಿಗೂ ಈ ಬಯಲುಸೀಮೆಗೂ ಏನೇನೂ ಸಂಬಂಧವಿಲ್ಲ. ಆದರೂ ಊರಿಗೆ ಕಡಲ ತೀರದ ಹೆಸರು. ಚೋಳಮಂಡಲ ಎಂಬುದು ಯುರೋಪಿನ ವ್ಯಾಪಾರಿಗಳ ಬಾಯಲ್ಲಿ ಕೋರಮಂಡಲ್ ಆಯಿತು. 1820ರಲ್ಲಿ ಅದೇ ಹೆಸರಿನ ಬ್ರಿಟಿಷ್ ಹಡಗೊಂದು ನ್ಯೂಜಿಲೆಂಡಿಗೆ ಹೋಗಿ ಲಂಗರು ಹಾಕಿದ್ದರಿಂದ ಅಲ್ಲಿಯ ಒಂದು ಸೀಮೆಗೂ ಆ ಹೆಸರು ಅಂಟಿತು. 1852ರಲ್ಲಿ ಆ ಕೋರಮಂಡಲ್‌ನಲ್ಲಿ ಚಿನ್ನ ಸಿಕ್ಕಿತು. ನ್ಯೂಜಿಲೆಂಡಿನ ಮಾವೊರಿ ಯುದ್ಧದಲ್ಲಿ ಸೈನಿಕನಾಗಿದ್ದು ನಿವೃತ್ತನಾಗಿ ಬೆಂಗಳೂರಿಗೆ ಬಂದ ಐರಿಶ್ ಮನುಷ್ಯ ಮೈಕೆಲ್ ಲಾವೆಲ್ ನಮ್ಮ ಕೋಲಾರದ ಚಿನ್ನವನ್ನು ಅಗೆಯಲು ಹೊರಟ. ಮುಂದೆ 1889ರಲ್ಲಿ ಅದೇ ನ್ಯೂಜಿಲೆಂಡಿನ ಕೋರಮಂಡಲ್ ಬೆಟ್ಟಸಾಲಿನ ಬುಡದಲ್ಲಿರುವ ಕಾರಂಗಹಾಕೆಯಲ್ಲಿ ಸೈನೈಡ್ ಬಳಸಿ ಚಿನ್ನ ತೆಗೆಯುವ ಹೊಸ ವಿಧಾನ ಗಣಿಯ ಕೆಲಸಕ್ಕೆ ಇಳಿಯಿತು. ಕೆಲವೇ ವರ್ಷಗಳಲ್ಲಿ ಅದೂ ಕೋಲಾರಕ್ಕೆ ಬಂತು.

ಕೋಲಾರ ಚಿನ್ನದ ಗಣಿಯ ಇತಿಹಾಸವನ್ನು ನಾವು ಸಾಮಾನ್ಯವಾಗಿ ಚಿನ್ನದ ತೂಕದಲ್ಲಿ ಹೇಳುತ್ತೇವೆ. ಎಂಟುನೂರು ಟನ್ನಿಗೂ ಹೆಚ್ಚು ಚಿನ್ನ, ಮೂರು ಕಿಲೋಮೀಟರಿಗೂ ಮೀರಿದ ಆಳ, ಬೆಂಗಳೂರಿಗಿಂತ ಮೊದಲೇ ಬಂದ ವಿದ್ಯುತ್ ದೀಪ. ಇವೆಲ್ಲ ನಿಜ. ಆದರೆ ಇದೇ ಇತಿಹಾಸವನ್ನು ನೆಲ, ನೀರು, ಮರ, ಗಾಳಿ ಮತ್ತು ಉಸಿರಿನ ಲೆಕ್ಕದಲ್ಲೂ ಬರೆಯಬಹುದು. ಆ ಲೆಕ್ಕದ ಪುಸ್ತಕ ಇನ್ನೂ ಮುಚ್ಚಿಲ್ಲ.

ಗಣಿಗೆ ಮೊದಲಿನ ನೆಲ

ಕೆ.ಜಿ.ಎಫ್. ಇರುವ ಈ ಸೀಮೆ ಚಿನ್ನಕ್ಕಿಂತ ಮೊದಲು ಕೆರೆಗಳ, ರಾಗಿ ಹೊಲಗಳ, ಕುರುಚಲು ಕಾಡಿನ ಸೀಮೆಯಾಗಿತ್ತು. ಬಂಗಾರಪೇಟೆ ತಾಲೂಕಿನ ಬೂದಿಕೋಟೆಯಲ್ಲೇ ಹೈದರಲಿ ಹುಟ್ಟಿದ್ದು. ಅವನ ತಂದೆ ಫತೇ ಮುಹಮ್ಮದನ ಸಮಾಧಿ ಕೋಲಾರದ ಮಕಬರದಲ್ಲಿದೆ. ಬೆಂಗಳೂರಿನಲ್ಲಿ ಲಾಲ್‌ಬಾಗ್ ತೋಟಕ್ಕೆ ಬುನಾದಿ ಹಾಕಿದವರು ಇದೇ ಮನೆತನದವರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ರಾಜ್ಯವನ್ನು ಅಳೆಯಲು ಬಂದ ಬ್ರಿಟಿಷರಲ್ಲಿ ಲೆಫ್ಟಿನೆಂಟ್ ಜಾನ್ ವಾರೆನ್ ಒಬ್ಬ. 1802ರಲ್ಲಿ ಅವನಿಗೆ ಇಲ್ಲಿಯ ಚಿನ್ನದ ಸುದ್ದಿ ಕಿವಿಗೆ ಬಿತ್ತು. ಬಹುಮಾನದ ಆಸೆ ತೋರಿಸಿದಾಗ ಊರಿಗಾಂ ಸುತ್ತಿನ ಹಳ್ಳಿಯವರು ಗಾಡಿಗಳಲ್ಲಿ ಮಣ್ಣು ತಂದು, ಅವನ ಕಣ್ಣೆದುರಿಗೇ ತೊಳೆದು, ಚಿನ್ನದ ಕಣ ತೋರಿಸಿದರು. ಹಿಂದಿನವರು ತೋಡಿದ ಹಳೆಯ ಗುಂಡಿಗಳು ಅಲ್ಲಿ ಆಗಲೇ ಇದ್ದವು.

ವಾರೆನ್ ಬರೆದಿಟ್ಟದ್ದನ್ನು 1871ರಲ್ಲಿ ಲಾವೆಲ್ ಓದಿದ. 1875ರಲ್ಲಿ ಗಣಿ ಅಗೆಯುವ ಹಕ್ಕು ಪಡೆದ. ಬೆಂಗಳೂರಿನ ಲಾವೆಲ್ ರಸ್ತೆ ಅವನ ಹೆಸರಿನದೇ. ಕೈಯಲ್ಲಿ ಬಂಡವಾಳವಿಲ್ಲದೆ ಅವನು ಹಕ್ಕನ್ನು ಬೇರೆಯವರಿಗೆ ಬಿಟ್ಟುಕೊಟ್ಟ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಾಲಿಟ್ಟಿತು. ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ, ಬಾಲಘಾಟ್, ಕೋರಮಂಡಲ್ ಎಂದು ಒಂದೊಂದೇ ಗಣಿ ತೆರೆಯಿತು. ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಕಡೆಗಳಿಂದ ಬರಗಾಲದಲ್ಲಿ ನಲುಗಿದ ದಲಿತ ಕುಟುಂಬಗಳು ಕೂಲಿಗೆ ಬಂದವು. ಕಂಪನಿಯ ಲೈನ್ ಮನೆಗಳು ಎದ್ದವು. ತಮಿಳು, ತೆಲುಗು, ಕನ್ನಡ, ಉರ್ದು ನಾಲ್ಕೂ ಕೇಳುವ ಊರು ಬೆಳೆಯಿತು.

ಗಣಿ ತಿಂದದ್ದು, ಕುಡಿದದ್ದು

ಗಣಿ ಎಂದರೆ ನೆಲದ ಒಳಗಿನ ತೂತು ಮಾತ್ರವಲ್ಲ. ಅದರ ಹೊಟ್ಟೆ ಹೊರಗೂ ಇರುತ್ತದೆ. ಉಗಿಯಂತ್ರಗಳಿಗೆ ಸೌದೆ ಬೇಕು, ಕಲ್ಲಿದ್ದಲು ಬೇಕು. ಸುರಂಗದ ಮೇಲ್ಛಾವಣಿ ಕುಸಿಯದಂತೆ ತಡೆಯಲು ದಿಮ್ಮಿಗಳು ಬೇಕು. ಪುಡಿ ಮಾಡಿದ ಕಲ್ಲನ್ನು ತೊಳೆಯಲು ನೀರು ಬೇಕು. ಸುತ್ತಲಿನ ಕುರುಚಲು ಕಾಡು ಸೌದೆಯಾಯಿತು. ಬೇತಮಂಗಲದಲ್ಲಿ ಪಾಲಾರ್ ನದಿಗೆ ಕಟ್ಟಿದ್ದ ಹಳೆಯ ಕೆರೆಯ ನೀರು ಕೊಳವೆಗಳಲ್ಲಿ ಗಣಿ ಊರಿಗೆ ಹರಿಯಿತು.

1902ರ ಜೂನ್ 30ರಂದು ಕಾವೇರಿಯ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರದ ಈ ಗಣಿಗಳಿಗೆ ವಿದ್ಯುತ್ ಬಂತು. ಅಷ್ಟು ದೂರಕ್ಕೆ ವಿದ್ಯುತ್ ಸಾಗಿಸಿದ್ದು ಆ ಕಾಲದಲ್ಲಿ ಲೋಕವೇ ಬೆರಗಾದ ಸಂಗತಿ. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ. ಇದರಿಂದ ಸೌದೆಯ ಮೇಲಿನ ಒತ್ತಡ ಇಳಿಯಿತು ಎಂಬುದನ್ನೂ ಹೇಳಲೇಬೇಕು. ಸುರಂಗ ಇನ್ನೂ ಆಳಕ್ಕೆ ಹೋದಂತೆ ಮರದ ಆಸರೆ ಸಾಲದಾಯಿತು. ಬಂಡೆಗಳು ತಮ್ಮ ಮೇಲಿನ ಭಾರ ತಾಳಲಾರದೆ ಸಿಡಿಮದ್ದಿನಂತೆ ಒಡೆಯತೊಡಗಿದವು. ಬಂಡೆ ಸಿಡಿತ ಎಂದರೆ ಕೆ.ಜಿ.ಎಫ್. ಮನೆಗಳಲ್ಲಿ ಪಾತ್ರೆ ಅಲುಗುವುದು, ಶಾಫ್ಟಿನ ಬಾಗಿಲಲ್ಲಿ ಹೆಂಗಸರು ಬಂದು ನಿಲ್ಲುವುದು. ಆಗ ಮರದ ಜಾಗಕ್ಕೆ ಗ್ರಾನೈಟ್ ಕಲ್ಲಿನ ಕಟ್ಟಡದ ಆಸರೆ ಬಂತು. ಗಣಿಯ ಹಸಿವು ಕಾಡಿನಿಂದ ಬೆಟ್ಟಕ್ಕೆ ತಿರುಗಿತು.

ಇನ್ನು ಚಿನ್ನ ತೆಗೆಯುವ ಬಗೆ. ಮೊದಮೊದಲು ಅದಿರಿನ ಕಲ್ಲನ್ನು ಗುದ್ದುವ ಯಂತ್ರಗಳಲ್ಲಿ ಪುಡಿಮಾಡಿ, ಪಾದರಸ ಸವರಿದ ತಾಮ್ರದ ತಗಡಿನ ಮೇಲೆ ಹರಿಸುತ್ತಿದ್ದರು. ಚಿನ್ನ ಪಾದರಸಕ್ಕೆ ಅಂಟಿಕೊಳ್ಳುತ್ತಿತ್ತು. ಆದರೂ ಸಾಕಷ್ಟು ಚಿನ್ನ ಕೆಸರಿನೊಂದಿಗೆ ಕೊಚ್ಚಿಹೋಗುತ್ತಿತ್ತು. 1887ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಜಾನ್ ಮೆಕಾರ್ಥರ್ ಮತ್ತು ಫಾರೆಸ್ಟ್ ಸಹೋದರರು ಕಂಡುಹಿಡಿದ ವಿಧಾನ ಈ ನಷ್ಟಕ್ಕೆ ಮದ್ದಾಯಿತು. ತೆಳುವಾದ ಸೈನೈಡ್ ದ್ರಾವಣ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಚಿನ್ನವನ್ನು ಕರಗಿಸುತ್ತದೆ. ಆ ದ್ರಾವಣಕ್ಕೆ ಸತುವನ್ನು ಸೇರಿಸಿದರೆ ಚಿನ್ನ ಮತ್ತೆ ಬೇರ್ಪಡುತ್ತದೆ. ಇದು ಬಂದ ಮೇಲೆ ಕಡಿಮೆ ಚಿನ್ನದ ಅದಿರೂ ಲಾಭ ಕೊಟ್ಟಿತು. ಲಾಭದ ಜೊತೆಗೆ ನುಣ್ಣನೆಯ ಬೂದು ಪುಡಿಯೂ ಬೆಳೆಯುತ್ತ ಹೋಯಿತು.

ಆ ಪುಡಿಯೇ ಇಂದಿನ ಸೈನೈಡ್ ದಿಬ್ಬಗಳು. ಮೂರು ಕೋಟಿ ಟನ್ನಿಗೂ ಹೆಚ್ಚು ತ್ಯಾಜ್ಯ 13 ದಿಬ್ಬಗಳಾಗಿ ಊರಿನ ನಡುವೆಯೇ ಕೂತಿದೆ. 2018ರ ಮತ್ತು 2022ರ ಸಿನಿಮಾಗಳಿಂದ ದೇಶವೆಲ್ಲ ಕೆ.ಜಿ.ಎಫ್. ಎಂಬ ಮೂರು ಅಕ್ಷರ ಕಲಿತಿತು. ಪರದೆಯ ಮೇಲೆ ಆ ದಿಬ್ಬಗಳು ಸುಂದರವಾಗಿ ಕಾಣುತ್ತವೆ. ಗಾಳಿ ಬೀಸುವ ತಿಂಗಳುಗಳಲ್ಲಿ ಅವುಗಳ ಬುಡದಲ್ಲಿ ಬದುಕುವವರಿಗೆ ಅವು ಬೇರೆ ರೀತಿ ಪರಿಚಯ. ಒಣಹಾಕಿದ ಬಟ್ಟೆ, ಮುಚ್ಚಿಟ್ಟ ಅನ್ನ, ಮಗುವಿನ ತೊಟ್ಟಿಲು, ಎಲ್ಲದರ ಮೇಲೂ ಬೂದು ಪುಡಿ.

ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲಿ ಸರಿಪಡಿಸಬೇಕು. ದಿಬ್ಬದ ಹೆಸರಿನಲ್ಲಿ ಸೈನೈಡ್ ಇದ್ದರೂ ಬಿಸಿಲು ಗಾಳಿಗೆ ಒಡ್ಡಿಕೊಂಡ ಸೈನೈಡ್ ಕಾಲಕ್ರಮೇಣ ಒಡೆದುಹೋಗುವ ವಸ್ತು. ಒಡೆಯದೆ ಉಳಿಯುವವು ಬೇರೆ ಇವೆ. ಅದಿರಿನಲ್ಲಿದ್ದ ಭಾರಲೋಹಗಳು ಉಳಿಯುತ್ತವೆ. ಗಂಧಕಯುಕ್ತ ಖನಿಜಗಳು ನೀರು ಗಾಳಿ ತಾಗಿ ಆಮ್ಲ ಬಿಡುತ್ತವೆ. ನುಣ್ಣನೆಯ ಸಿಲಿಕಾ ಪುಡಿ ಶ್ವಾಸಕೋಶಕ್ಕೆ ಇಳಿದರೆ ಮತ್ತೆ ಮೇಲಕ್ಕೆ ಬರುವುದಿಲ್ಲ. ಹೆಸರಿನ ವಿಷಕ್ಕೆ ಹೆದರಿ, ಹೆಸರಿಲ್ಲದ ಧೂಳನ್ನು ನಾವು ಮರೆತಿದ್ದೇವೆ.

ಆ ಧೂಳಿನ ಸಾಕ್ಷ್ಯ ಹೊಸದೇನಲ್ಲ. ಭಾರತದಲ್ಲಿ ಸಿಲಿಕೋಸಿಸ್ ಕುರಿತ ಮೊದಲ ದೊಡ್ಡ ವರದಿ ಬಂದದ್ದು ಇದೇ ಕೋಲಾರದ ಗಣಿಗಳಿಂದ, 1947ರಲ್ಲಿ. ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕೂ ಹೆಚ್ಚು ಜನರ ಎದೆಯಲ್ಲಿ ರೋಗ ಕಂಡುಬಂತು. ದೇಶ ಸ್ವತಂತ್ರವಾದ ವರ್ಷವೇ ಈ ಅಂಕಿ ಕಾಗದದ ಮೇಲಿತ್ತು. ನಮಗೆ ಗೊತ್ತಿರಲಿಲ್ಲ ಎಂದು ಯಾವ ಸರಕಾರವೂ ಹೇಳುವಂತಿಲ್ಲ.

ಕೆಳಗಿನ ವಿಜ್ಞಾನ, ಮೇಲಿನ ಮೌನ

ಕೆ.ಜಿ.ಎಫ್. ವಿಜ್ಞಾನಕ್ಕೆ ಅಪರಿಚಿತ ಊರಲ್ಲ. 1965ರಲ್ಲಿ ಚಾಂಪಿಯನ್ ರೀಫ್ ಗಣಿಯ ಎರಡು ಕಿಲೋಮೀಟರಿಗೂ ಕೆಳಗಿನ ಆಳದಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರಮ್ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಕಣಗಳ ಗುರುತನ್ನು ಪತ್ತೆ ಹಚ್ಚಿದರು. ಜಗತ್ತಿನಲ್ಲಿ ಅದನ್ನು ಮೊದಲು ಕಂಡವರಲ್ಲಿ ಅವರಿದ್ದರು. ಬಂಡೆ ಸಿಡಿತದ ಅಧ್ಯಯನದಿಂದಾಗಿ 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ ಇಲ್ಲೇ ಆರಂಭವಾಯಿತು. ಬೇರೆಬೇರೆ ರಾಜ್ಯಗಳ ಅಣೆಕಟ್ಟು, ಸುರಂಗಗಳಿಗೆ ಇಲ್ಲಿ ಕಲಿತ ಪಾಠ ನೆರವಾಯಿತು.

ನಮ್ಮ ಹೆಮ್ಮೆಗೆ ಇವು ತಕ್ಕವೇ. ಆದರೆ ಆಕಾಶದಿಂದ ಬಂದು ಭೂಮಿಯನ್ನೇ ತೂರಿಹೋಗುವ ಕಣವನ್ನು ಹಿಡಿಯಲು ನೆಲದಾಳಕ್ಕೆ ಇಳಿದ ವಿಜ್ಞಾನ, ಶಾಫ್ಟಿನ ಬಾಯಿಂದ ಕೂಗಳತೆಯಲ್ಲಿದ್ದ ಮನೆಯ ಮಗುವಿನ ಉಸಿರಲ್ಲಿ ಯಾವ ಕಣವಿದೆ ಎಂದು ಅದೇ ಶ್ರದ್ಧೆಯಿಂದ ಅಳೆಯಲಿಲ್ಲ. ಇದರಲ್ಲಿ ವಿಜ್ಞಾನಿಗಳ ತಪ್ಪಿಗಿಂತ, ಏನನ್ನು ಅಳೆಯಬೇಕು ಎಂದು ಹಣ ಕೊಟ್ಟು ನಿರ್ಧರಿಸುವವರ ತಪ್ಪು ದೊಡ್ಡದು.

1956ರಲ್ಲಿ ಗಣಿಗಳು ಮೈಸೂರು ಸರಕಾರಕ್ಕೆ ಬಂದವು, 1962ರಲ್ಲಿ ಕೇಂದ್ರಕ್ಕೆ. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯಾಯಿತು. ಆರಂಭದ ಕಾಲದಲ್ಲಿ ಟನ್ ಅದಿರಿಗೆ ನಲವತ್ತು ಗ್ರಾಂಗೂ ಹೆಚ್ಚು ಸಿಗುತ್ತಿದ್ದ ಚಿನ್ನ ಕೊನೆಗೆ ಮೂರು ಗ್ರಾಂ ಆಸುಪಾಸಿಗೆ ಇಳಿದಿತ್ತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಪಂಪುಗಳು ನಿಂತವು, ಸುರಂಗಗಳಲ್ಲಿ ನೀರು ತುಂಬಿತು. ಕೆಲಸ ಕಳೆದುಕೊಂಡವರ ಮಕ್ಕಳು ಅಂದಿನಿಂದ ನಸುಕಿನ ರೈಲು ಹಿಡಿದು, ಕೋರಮಂಡಲ್, ಬಂಗಾರಪೇಟೆ ದಾಟಿ, ಬೆಂಗಳೂರಿಗೆ ಕೂಲಿಗೆ ಹೋಗಿ ರಾತ್ರಿ ಮರಳುತ್ತಿದ್ದಾರೆ. ಲಂಡನ್ನಿನ ಕಂಪನಿಯ ಬಗ್ಗೆ ಹೇಳುವುದಾದರೆ, ಉಂಡೂ ಹೋದ ಕೊಂಡೂ ಹೋದ ಎಂಬ ನಮ್ಮ ಮಾತೇ ಸಾಕು.

ಅದೇ ನದಿಯ ಕೆಳದಂಡೆಯಲ್ಲಿ

ಗಣಿಗೆ ನೀರುಣಿಸಿದ ಪಾಲಾರ್ ಕೋಲಾರ ಜಿಲ್ಲೆಯನ್ನು ದಾಟಿ, ಆಂಧ್ರದ ಅಂಚು ಹಾದು, ತಮಿಳುನಾಡಿನ ವಾಣಿಯಂಬಾಡಿ, ಆಂಬೂರು, ರಾಣಿಪೇಟೆಗಳ ಕಡೆ ಹರಿಯುತ್ತದೆ. ಅಲ್ಲಿಯ ತೊಗಲು ಹದಮಾಡುವ ಕಾರ್ಖಾನೆಗಳ ಕೊಳಕು ಆ ನದಿಯನ್ನೂ ಬಾವಿಗಳನ್ನೂ ಹಾಳುಗೆಡವಿತು. ವೆಲ್ಲೂರಿನ ನಾಗರಿಕರ ವೇದಿಕೆ ಸುಪ್ರೀಂ ಕೋರ್ಟಿಗೆ ಹೋಯಿತು. 1996ರಲ್ಲಿ ಬಂದ ತೀರ್ಪು ದೇಶದ ಪರಿಸರ ಕಾನೂನಿನ ಮೈಲಿಗಲ್ಲು. ಕೆಡಿಸಿದವನೇ ದಂಡ ತೆರಬೇಕು, ಹಾನಿಯಾಗುವ ಮುನ್ನವೇ ಎಚ್ಚರ ವಹಿಸಬೇಕು ಎಂಬ ಎರಡು ತತ್ವಗಳನ್ನು ಅದು ಈ ನೆಲದ ಕಾನೂನೆಂದು ಸಾರಿತು. 2025ರ ಜನವರಿಯಲ್ಲಿ ಅದೇ ನ್ಯಾಯಾಲಯ ಪಾಲಾರ್ ದಂಡೆಯ ನೊಂದ ಕುಟುಂಬಗಳಿಗೆ ಪರಿಹಾರ ಕೊಡಿಸಲು ಮತ್ತೆ ಆದೇಶಿಸಬೇಕಾಯಿತು. ತೀರ್ಪು ಬರುವುದಕ್ಕೂ ಅದು ನದಿಗೆ ಇಳಿಯುವುದಕ್ಕೂ ನಡುವೆ ಮೂವತ್ತು ವರ್ಷ ಬೇಕಾಗಬಹುದು ಎಂಬುದು ಇದರಿಂದ ತಿಳಿಯುತ್ತದೆ.

ಮುಸ್ಲಿಮರಾಗಿ ನಾವು ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಆ ತೊಗಲಿನ ಕಾರ್ಖಾನೆಗಳಲ್ಲಿ ಹಲವು ನಮ್ಮವರವೇ. ಆ ದುಡಿಮೆಯ ಹಣದಿಂದ ಒಳ್ಳೆಯ ಶಾಲೆ, ಕಾಲೇಜುಗಳೂ ಎದ್ದಿವೆ. ಆದರೆ ಪಕ್ಕದ ರೈತನ ಬಾವಿ ಕೆಡಿಸಿ ಗಳಿಸಿದ್ದನ್ನು ದಾನದಿಂದ ತೊಳೆಯಲಾಗದು. ಭೂಮಿ ಮನುಷ್ಯನಿಗೆ ಒಪ್ಪಿಸಿದ ಅಮಾನತ್ತು, ಅವನು ಅದರ ಮಾಲೀಕನಲ್ಲ, ಕಾವಲುಗಾರ ಎಂದು ನಂಬುವವರಿಗೆ ಲೆಕ್ಕ ಇನ್ನೂ ಕಠಿಣ. ನಮ್ಮವರ ತೊಗಲಿನ ಕಾರ್ಖಾನೆಗೆ ಒಂದು ತಕ್ಕಡಿ, ಸರಕಾರದ ಚಿನ್ನದ ಗಣಿಗೆ ಇನ್ನೊಂದು ಎಂದು ಹೇಳುವ ಹಕ್ಕು ನಮಗಿಲ್ಲ. ಹಾಗೆಯೇ ಕೆಳದಂಡೆಯ ಕಾರ್ಖಾನೆಗೆ ಅನ್ವಯಿಸಿದ ತತ್ವ ಮೇಲ್ದಂಡೆಯ ದಿಬ್ಬಗಳಿಗೆ ಯಾಕೆ ಅನ್ವಯಿಸಬಾರದು ಎಂದು ಕೇಳುವ ಹಕ್ಕು ಎಲ್ಲರಿಗೂ ಇದೆ.

ಉಳಿದ ಜೀವಗಳು

ಗಣಿ ನಿಂತ ಮೇಲೆ ಒಂದು ವಿಚಿತ್ರ ನಡೆಯಿತು. ಮನುಷ್ಯ ಬಿಟ್ಟುಹೋದ ಬಯಲಿಗೆ ಹುಲ್ಲು ಬಂತು. ಬಿ.ಇ.ಎಂ.ಎಲ್. ನಗರದ ಸುತ್ತಲಿನ ಮತ್ತು ಗಣಿ ಜಮೀನಿನ ತೆರೆದ ಜಾಗಗಳಲ್ಲಿ ಕೃಷ್ಣಮೃಗಗಳು ಮೇಯುತ್ತವೆ. 1972ರ ವನ್ಯಜೀವಿ ಕಾಯ್ದೆಯಲ್ಲಿ ಅತ್ಯುನ್ನತ ರಕ್ಷಣೆ ಪಡೆದ ಪ್ರಾಣಿ ಇದು. ಅದಕ್ಕೆ ದಟ್ಟ ಕಾಡು ಬೇಡ, ಬಯಲು ಬೇಕು. ನಮ್ಮ ಸರಕಾರಿ ಕಡತಗಳಲ್ಲಿ ಬಯಲೆಂದರೆ ಪಾಳು ಎಂದೇ ಅರ್ಥ. ಪಾಳು ಭೂಮಿಯನ್ನು ಕೈಗಾರಿಕೆಗೆ ಕೊಡುವಾಗ ಅಲ್ಲಿ ಯಾರ ಮನೆ ಇದೆ ಎಂದು ಯಾರೂ ನೋಡುವುದಿಲ್ಲ.

ಜಿಲ್ಲೆಯ ಇನ್ನೊಂದು ಜೀವದ ಕಥೆ ಇನ್ನೂ ಇಕ್ಕಟ್ಟಿನದು. 1994ರಲ್ಲಿ ಡೀಟರ್ ಕಾಕ್ ಮತ್ತು ಎಚ್.ಆರ್. ಭಟ್ ಒಂದು ಹೊಸ ಬಾವಲಿಯನ್ನು ವಿವರಿಸಿದರು. ಲೋಕದಲ್ಲೆಲ್ಲ ಅದಕ್ಕೆ ಕೋಲಾರದ ಎಲೆಮೂಗಿನ ಬಾವಲಿ ಎಂದೇ ಹೆಸರು. ಕೋಲಾರ ಜಿಲ್ಲೆ ಬಿಟ್ಟರೆ ಅದು ಬೇರೆಲ್ಲೂ ಸಿಕ್ಕಿಲ್ಲ. ಮೊದಲು ಕಂಡಿದ್ದ ತೇರಹಳ್ಳಿ ಬೆಟ್ಟದಿಂದ ಅದು ಮಾಯವಾಯಿತು. ಹನುಮನಹಳ್ಳಿಯ ಒಂದು ಗ್ರಾನೈಟ್ ಗುಹೆಯಲ್ಲಿ ಇನ್ನೂರಕ್ಕಿಂತ ಕಡಿಮೆ ಉಳಿದಿವೆ ಎಂದು ಲೆಕ್ಕವಾಯಿತು. 2016ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಅದನ್ನು ಅಳಿವಿನ ಕೊನೆಯಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು. ಅದಕ್ಕೆ ಒದಗಿದ ದೊಡ್ಡ ಅಪಾಯ ಕಲ್ಲು ಒಡೆಯುವುದು. ಚಿನ್ನ ಮುಗಿದ ಮೇಲೆ ಕೋಲಾರದ ಬೆಟ್ಟಗಳ ಗ್ರಾನೈಟೇ ಹೊಸ ಚಿನ್ನವಾಗಿದೆ. ಒಂದು ಬಂಡೆಗೆ ಸಿಡಿಮದ್ದು ಇಟ್ಟರೆ ಒಂದು ಇಡೀ ಕುಲ ಭೂಮಿಯಿಂದ ಅಳಿಸಿಹೋಗುವುದು ಉಪಮೆಯ ಮಾತಲ್ಲ, ಅಕ್ಷರಶಃ ಸತ್ಯ.

ಬಾವಲಿಯಿಂದ ಏನು ಪ್ರಯೋಜನ ಎಂದು ಕೇಳುವವರಿಗೆ ಉತ್ತರ ಸುಲಭ. ಎಲೆಮೂಗಿನ ಬಾವಲಿಗಳು ರಾತ್ರಿಯಿಡೀ ಕೀಟಗಳನ್ನು ತಿನ್ನುತ್ತವೆ, ಟೊಮೆಟೊ ಬೆಳೆಯುವ ಜಿಲ್ಲೆಯ ರೈತನಿಗೆ ಕೂಲಿಯಿಲ್ಲದ ಆಳುಗಳು. ಅಮೆರಿಕದಲ್ಲಿ ಹಳೆಯ ಗಣಿಗಳನ್ನು ಮುಚ್ಚುವಾಗ ಒಳಗೆ ಬಾವಲಿಗಳಿದ್ದರೆ ಕಾಂಕ್ರೀಟು ಸುರಿಯುವುದಿಲ್ಲ. ಮನುಷ್ಯ ನುಗ್ಗದ, ಬಾವಲಿ ಹಾರುವಷ್ಟು ಸಂದಿಯ ಕಬ್ಬಿಣದ ಬಾಗಿಲು ಹಾಕುತ್ತಾರೆ. ಅರಬ್ ನಾಡುಗಳಲ್ಲಿ ಹುಲ್ಲುಗಾವಲು, ಮರ, ಪ್ರಾಣಿಗಳಿಗಾಗಿ ಜಾಗ ಕಾದಿರಿಸುವ ಹಿಮಾ ಎಂಬ ಪದ್ಧತಿ ಇಸ್ಲಾಮಿನ ಆರಂಭದ ಕಾಲದಿಂದಲೂ ಇದೆ. ಲೆಬನಾನಿನಲ್ಲಿ 2004ರಿಂದ ಹಳ್ಳಿಯವರೇ ಅದಕ್ಕೆ ಮರುಜೀವ ಕೊಡುತ್ತಿದ್ದಾರೆ. ನಮ್ಮ ಕಡೆಯ ದೇವರಕಾಡು, ಗೋಮಾಳಗಳ ಹಿಂದಿನ ತಿಳಿವೂ ಇದೇ.

ಈಗ ಕೇಳಬೇಕಾದ ಪ್ರಶ್ನೆ

ಇಷ್ಟೆಲ್ಲ ಹಳೆಯದನ್ನು ಕೆದಕಲು ಕಾರಣವಿದೆ. 2024ರ ಜೂನ್‌ನಲ್ಲಿ ಕರ್ನಾಟಕದ ಸಚಿವ ಸಂಪುಟ ಸುಮಾರು 1,003 ಎಕರೆಯಲ್ಲಿರುವ 13 ದಿಬ್ಬಗಳಿಂದ ಉಳಿದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ಕೆಲಸ ಸಿಗುತ್ತದೆ, ದಿಬ್ಬವೂ ಹೋಗುತ್ತದೆ ಎಂಬ ಆಸೆ ಕೆ.ಜಿ.ಎಫ್. ಜನರದು. ಆ ಆಸೆಯನ್ನು ಹೊರಗಿನಿಂದ ನೋಡಿ ಹಗುರಾಗಿ ಮಾತಾಡುವುದು ತಪ್ಪು. ದಿಬ್ಬಗಳನ್ನು ಹೀಗೆಯೇ ಬಿಟ್ಟರೂ ಅವು ಧೂಳೆಬ್ಬಿಸುತ್ತಲೇ ಇರುತ್ತವೆ.

ಆದರೆ ಲೋಕದ ಅನುಭವ ಏನು ಹೇಳುತ್ತದೆ? ರೊಮೇನಿಯಾದ ಬಾಯಾ ಮಾರೆ ಪಟ್ಟಣದಲ್ಲೂ ಹಳೆಯ ಗಣಿ ದಿಬ್ಬಗಳಿದ್ದವು. ಅವುಗಳಲ್ಲಿ ಉಳಿದ ಚಿನ್ನವನ್ನು ತೆಗೆದು ಊರನ್ನು ಧೂಳಿನಿಂದ ಬಿಡಿಸುತ್ತೇವೆ ಎಂದು ಆಸ್ಟ್ರೇಲಿಯಾದ ಕಂಪನಿ ಮತ್ತು ಅಲ್ಲಿಯ ಸರಕಾರ ಪಾಲುಗಾರಿಕೆಯಲ್ಲಿ ಹೊರಟವು. 2000ದ ಜನವರಿ 30ರ ರಾತ್ರಿ ಹೊಸ ತ್ಯಾಜ್ಯದ ಒಡ್ಡು ಒಡೆದು ಸುಮಾರು ಒಂದು ಲಕ್ಷ ಘನ ಮೀಟರ್ ಸೈನೈಡ್ ನೀರು ನದಿಗೆ ಸೇರಿತು. ಅದು ತಿಸ್ಸಾ ನದಿ ಹಾದು ಡ್ಯಾನ್ಯೂಬ್ ತಲುಪಿತು. ಹಂಗೆರಿ ಒಂದರಲ್ಲೇ ಸಾವಿರ ಟನ್ನಿಗೂ ಹೆಚ್ಚು ಮೀನು ಸತ್ತಿತು. ಇನ್ನೊಂದೆಡೆ ಜೋಹಾನ್ಸ್‌ಬರ್ಗ್‌ನಲ್ಲಿ 1970ರ ದಶಕದಿಂದಲೂ ದಿಬ್ಬಗಳಿಂದ ಚಿನ್ನ ತೆಗೆಯುತ್ತಿದ್ದಾರೆ. ಹಲವು ದಿಬ್ಬಗಳು ಊರಿನ ನಡುವಿನಿಂದ ಮರೆಯಾದವು. ಆದರೆ ಟನ್ನಿಗೆ ಗ್ರಾಂ ಲೆಕ್ಕದ ಚಿನ್ನ ತೆಗೆದರೆ ಉಳಿದ ಪುಡಿ ಎಲ್ಲಿಗೆ ಹೋದೀತು? ಊರಾಚೆ ಇನ್ನೂ ದೊಡ್ಡ ದಿಬ್ಬವಾಗಿ ಕೂರುತ್ತದೆ. ಅಲ್ಲಿಯ ಪಶ್ಚಿಮದ ಗಣಿಗಳಲ್ಲಿ ಪಂಪು ನಿಂತ ಮೇಲೆ ತುಂಬಿದ ಆಮ್ಲದ ನೀರು 2002ರಲ್ಲಿ ನೆಲದ ಮೇಲಕ್ಕೇ ಉಕ್ಕಿತು.

ಆದ್ದರಿಂದ ಹರಾಜಿಗೆ ಮೊದಲು ಕೆಲವು ಪ್ರಶ್ನೆಗಳಿಗೆ ಲಿಖಿತ ಉತ್ತರ ಬೇಕು. ಮೂರು ಕೋಟಿ ಟನ್ ಪುಡಿಯನ್ನು ಮತ್ತೆ ಕಲಕುವಾಗ ಏಳುವ ಧೂಳನ್ನು ಹೇಗೆ ತಡೆಯುತ್ತೀರಿ, ಅದನ್ನು ಅಳೆಯುವವರು ಯಾರು? ಬರಡು ಜಿಲ್ಲೆಯಲ್ಲಿ ಇದಕ್ಕೆ ನೀರು ಎಲ್ಲಿಯದು? ಚಿನ್ನ ತೆಗೆದ ಮೇಲೆ ಉಳಿದದ್ದನ್ನು ಎಲ್ಲಿ ಇಡುತ್ತೀರಿ, ಅದಕ್ಕೆ ಎಷ್ಟು ವರ್ಷ ಯಾರು ಹೊಣೆ? ಆ ಹೊಣೆಯ ಹಣವನ್ನು ಮುಂಗಡವಾಗಿ ಕಟ್ಟಿಸಿಕೊಳ್ಳುತ್ತೀರಾ? ನೀರು ತುಂಬಿದ ಹಳೆಯ ಸುರಂಗಗಳನ್ನೂ ಸುತ್ತಲಿನ ಬಾವಿಗಳನ್ನೂ ಪರೀಕ್ಷಿಸಿ ವರದಿಯನ್ನು ಕನ್ನಡ, ತಮಿಳು, ಉರ್ದುವಿನಲ್ಲಿ ಊರಿನ ಮುಂದೆ ಇಡುತ್ತೀರಾ? ಗಣಿಯಲ್ಲಿ ದುಡಿದು ಇಂದು ಏದುಸಿರು ಬಿಡುತ್ತಿರುವ ಮುದುಕರ ಎದೆಯ ತಪಾಸಣೆಗೆ ಈ ಚಿನ್ನದಲ್ಲಿ ಪಾಲೆಷ್ಟು? ಕೃಷ್ಣಮೃಗದ ಬಯಲಿನಲ್ಲಿ ಎಷ್ಟು ಎಕರೆ ಅದಕ್ಕೇ ಬಿಡುತ್ತೀರಿ?

ಇವು ಅಭಿವೃದ್ಧಿಗೆ ಅಡ್ಡಿ ಮಾಡುವ ಪ್ರಶ್ನೆಗಳಲ್ಲ. 1880ರಲ್ಲಿ ಕೇಳಬೇಕಿದ್ದವು, ಆಗ ಕೇಳುವ ಅಧಿಕಾರ ನಮ್ಮ ಕೈಯಲ್ಲಿರಲಿಲ್ಲ. 1956ರಲ್ಲಿ ಕೇಳಬಹುದಿತ್ತು, ಕೇಳಲಿಲ್ಲ. 2001ರಲ್ಲಿ ಬಾಗಿಲು ಹಾಕುವ ಅವಸರದಲ್ಲಿ ಮರೆತೆವು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಚಾಳಿ ನಮಗೆ ಹಳೆಯದು. ಈ ಸಲವಾದರೂ ಬಾಗಿಲು ತೆರೆಯುವ ಮೊದಲೇ ಕೇಳೋಣ. ಮಸೀದಿಯ ಜಮಾಅತ್, ಕಾರ್ಮಿಕ ಸಂಘ, ದಲಿತ ಸಂಘಟನೆ, ಚರ್ಚು, ರೈತ ಸಂಘ ಒಟ್ಟಾಗಿ ಕೇಳಿದರೆ ಉತ್ತರ ಕೊಡದೆ ಇರುವುದು ಯಾರಿಗೂ ಸುಲಭವಲ್ಲ. ಗಾಳಿ ಬೀಸಿದಾಗ ದಿಬ್ಬದ ಧೂಳು ಯಾವ ಮನೆಯವರು ಯಾವ ಧರ್ಮದವರು ಎಂದು ಕೇಳಿ ಒಳಗೆ ಬರುವುದಿಲ್ಲ.